ಗರಡಿಯಲ್ಲಿ ಕಲಿತ ಕೈ

ಈಚೆಗೊಮ್ಮೆ ಕೆಮ್ಮು ಎಂದು ಬಂದ ಹುಡುಗನೊಬ್ಬ ಅಂಗಿ ಬಿಚ್ಚಿದ. ಅವನು ಕೆಮ್ಮುವ ಮೊದಲೇ ಎಣ್ಣೆ, ಅರಿಶಿನ, ಮಜ್ಜಿಗೆ ಕಲೆಸಿದ ಕೆಮ್ಮಣ್ಣಿನ ವಾಸನೆ ನನ್ನ ಮೂಗಿಗೆ ಬಡಿಯಿತು. "ಯಾವ ಗರಡಿಯಪ್ಪಾ?" ಎಂದೆ. ಊಟ, ನಿದ್ದೆ ಕೇಳಬೇಕಾದ ಡಾಕ್ಟರು ಗರಡಿ ವಿಚಾರಿಸುವುದನ್ನು ಕಂಡು ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಕಾವ್ಯ ನನ್ನ ಮುಖ ನೋಡಿದಳು. ಎದೆ ತಟ್ಟಿ ನೋಡಮ್ಮ ಎಂದೆ. ತಟ್ಟಿದಳು.

"ಏನೂ ಗೊತ್ತಾಗ್ತಿಲ್ಲ ಸರ್. ಎಕ್ಸ್‌ರೇ ಬರೆದುಬಿಡೋಣ್ವಾ?"

ಮುಂದಿನ ತಿಂಗಳು ಅವಳ ಪರೀಕ್ಷೆ. ರೇಗಬೇಕೆಂದಿದ್ದೆ, ಆ ವಾಸನೆ ಬಾಯಿ ಮುಚ್ಚಿಸಿತು.

ಈ ತಟ್ಟುವ ವಿದ್ಯೆ ನಿಮಗೂ ಗೊತ್ತು. ಹಲಸಿನಹಣ್ಣು ಕೊಳ್ಳುವಾಗ ತಟ್ಟುವುದಿಲ್ಲವೇ, ಹೆಚ್ಚುಕಮ್ಮಿ ಅದೇ. ಎದೆಯ ಮೇಲೆ ಎಡಗೈಯ ನಡುಬೆರಳಿಟ್ಟು ಬಲಗೈಯ ಬೆರಳಿನಿಂದ ತಟ್ಟಬೇಕು. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ಟೊಳ್ಳು ಸದ್ದು. ಯಕೃತ್ತೋ ನೀರೋ ಇದ್ದ ಕಡೆ ಮಂದ ಸದ್ದು. ಇಷ್ಟೇ. ಈ ಇಷ್ಟರಲ್ಲೇ ನಾನು ಕೊನೆಯ ವರ್ಷ ನಪಾಸಾದೆ. "ನಿನ್ನ ಕೈಗೆ ಕಿವಿ ಇಲ್ಲ ಕಣಯ್ಯ" ಎಂದರು ನಮ್ಮ ಮೇಷ್ಟ್ರು. ಮಗ ಡಾಕ್ಟರಾದ ಎಂದು ಅಮ್ಮ ಆಗಲೇ ನಮ್ಮ ಕುಂಬಾರಕೊಪ್ಪಲಿಗೆಲ್ಲ ಸಾರಿಯಾಗಿತ್ತು. ಎರಡನೇ ಸಲವೂ ನಪಾಸಾದರೆ ಬೀದಿಯಲ್ಲಿ ತಲೆಯೆತ್ತುವಂತಿರಲಿಲ್ಲ.

ಅಭ್ಯಾಸಕ್ಕೆ ಎದೆ ಬೇಕಲ್ಲ? ಅಪ್ಪನಿಗೆ ಕಚಗುಳಿ. ಅಮ್ಮ ಹತ್ತಿರ ಸೇರಿಸಲಿಲ್ಲ. ಗರಡಿಯ ಉಸ್ತಾದರಾಗಿದ್ದ ದೊಡ್ಡಪ್ಪ ಮಾತ್ರ, "ನಮ್ಮುಡುಗ್ರು ಎದೆ ಸುಮ್ನೆ ಬಿದ್ದವೆ, ಬಾರ್ಲಾ ಮಗ" ಎಂದರು.

ಬೆಳಿಗ್ಗೆ ಕುಸ್ತಿ ಮುಗಿಸಿದ ಪೈಲ್ವಾನರು ನನ್ನ ಮುಂದೆ ಸಾಲಾಗಿ ಮಲಗುತ್ತಿದ್ದರು. ಬಾದಾಮಿ, ತುಪ್ಪ ತಿಂದು ಬೆಳೆಸಿದ ಎದೆಗಳು. ಎಲ್ಲಿ ತಟ್ಟಿದರೂ ಒರಳುಕಲ್ಲು ತಟ್ಟಿದ ಹಾಗೆ. ಒಬ್ಬನಂತೂ, "ಅಣ್ಣ, ಅಷ್ಟೊತ್ತಿಂದ ತಟ್ತಾ ಇದ್ದೀಯಲ್ಲ, ಒಳಗ್ ಯಾರಾದ್ರೂ ಅವ್ರಾ?" ಎಂದು ಕೇಳಿ ಗರಡಿಯನ್ನೇ ನಗಿಸಿದ. ನಾನು ನಗಲಿಲ್ಲ. ಅಳು ಬರುವಂತಾಗಿತ್ತು. ದೊಡ್ಡಪ್ಪ ತಾವೇ ಬಂದು ಮಲಗಿದರು. ಅವರ ಎದೆ ಎಲ್ಲರಿಗಿಂತ ದಪ್ಪ.

"ನಂದು ಕೇಳ್ತು ಅಂದ್ರೆ ಯಾರ್ದಾದ್ರೂ ಕೇಳ್ತದೆ. ತಟ್ಟು."

ದಿನವೂ ತಟ್ಟಿದೆ. ಒಂದು ಬೆಳಿಗ್ಗೆ ಬಲಗಡೆ ಬೆರಳು ಕೆಳಗಿಳಿಸುತ್ತ ಬಂದಾಗ ಸದ್ದು ಇದ್ದಕ್ಕಿದ್ದಂತೆ ಮಂದವಾಯಿತು. ಕಿವಿಗಿಂತ ಮೊದಲು ಬೆರಳಿಗೇ ಗೊತ್ತಾಯಿತು.

"ಸಿಕ್ತು ದೊಡ್ಡಪ್ಪ."

"ಏನ್ಲಾ ಸಿಕ್ತು?"

"ನಿಮ್ಮ ಯಕೃತ್ತು."

"ಕಳೆದೋಗಿತ್ತಾ?" ಎಂದರು.

ಎರಡನೇ ಸಲದ ಪರೀಕ್ಷೆಯಲ್ಲಿ ನನ್ನ ಪಾಲಿಗೆ ರೋಗಿಯಾಗಿ ಬಂದವರು ಬಡಕಲು ಮೈಯ ಒಬ್ಬ ಅಜ್ಜ. ಪೈಲ್ವಾನರನ್ನು ತಟ್ಟಿದ ಕೈಗೆ ಆ ಬೆನ್ನು ತಮಟೆಯಂತೆ ಮಾತಾಡಿತು. ಎಡಗಡೆ, ಕೆಳಗೆ, ನೀರು ತುಂಬಿತ್ತು. ಅದು ಎಲ್ಲಿಯವರೆಗೆ ಏರಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆದೆ. ಮೇಷ್ಟ್ರು ತಾವೂ ತಟ್ಟುತ್ತ ಬಂದರು, ಅವರ ಬೆರಳು ಸರಿಯಾಗಿ ಆ ಗೆರೆಯ ಮೇಲೆ ನಿಂತಿತು. "ಕಿವಿ ಬಂದಿದೆ ಕಣಯ್ಯ" ಎಂದರು. ಅಂದು ಸಂಜೆ ಪೈಲ್ವಾನರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಬಿಳಿ ಕೋಟಿಗೆ ಹತ್ತಿದ ಕೆಮ್ಮಣ್ಣು ಅಮ್ಮ ಎಷ್ಟು ಒಗೆದರೂ ಹೋಗಲಿಲ್ಲ. ಆ ಕೋಟು ತೊಟ್ಟೇ ಕೆಲಸಕ್ಕೆ ಸೇರಿದೆ. ನನಗೇನೂ ನಾಚಿಕೆಯಾಗಲಿಲ್ಲ.

ಹಾಗಾಗಿ ಕಾವ್ಯಳನ್ನು ಬೈಯಲಿಲ್ಲ. ನಾನೇ ತಟ್ಟಿ ನೋಡಿದೆ. ಹುಡುಗನದು ಬರೀ ನೆಗಡಿ ಕೆಮ್ಮು. ಅವನ ಗರಡಿ ನಮ್ಮ ದೊಡ್ಡಪ್ಪನದೇ. ವಾರ ಕಳೆದು, ಕೆಮ್ಮು ನಿಂತ ಮೇಲೆ, ಕಾವ್ಯಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಜಗಲಿಯ ಮೇಲೆ ದೊಡ್ಡಪ್ಪ ಕೂತಿದ್ದರು, ತೀರಾ ಬಡವಾಗಿ. ಅವಳು ಮೊದಲು ಅವರತ್ತಲೇ ಕೈ ಚಾಚಿದಳು.

"ನಂದು ಬ್ಯಾಡ ಕಣಮ್ಮ. ಮಾಂಸವೆಲ್ಲ ಕರಗೋಯ್ತು, ಈಗ ಯಾರ್ ತಟ್ಟಿದ್ರೂ ಕೇಳ್ತದೆ. ಗಟ್ಟಿ ಉಡುಗುನ್ನ ತಟ್ಟು."

ಆ ಹುಡುಗನೇ ಜಗಲಿಯ ಮೇಲೆ ಮಲಗಿದ. ಕಾವ್ಯ ತಟ್ಟಿದಳು, ಇಲ್ಲವೆಂದು ತಲೆಯಾಡಿಸಿದಳು, ಮತ್ತೆ ತಟ್ಟಿದಳು. ಬಿಸಿಲು ಜಗಲಿಗೆ ಏರಿತು. ಹೋಗಲಿ ಬಿಡಮ್ಮ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಬೆರಳು ಒಂದೆಡೆ ನಿಂತಿತು. ನಾನು ಹೋಗಿ ತಟ್ಟಿ ನೋಡಿದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಏನಮ್ಮ, ಸಿಕ್ತಾ?" ಎಂದರು ದೊಡ್ಡಪ್ಪ.

"ಸಿಕ್ತು ತಾತ."

ಕುಸ್ತಿ ಗೆದ್ದವರ ಹಾಗೆ ಅವರು ಕೂತಲ್ಲೇ ತೊಡೆ ತಟ್ಟಿದರು. ಆ ಸದ್ದು ಎಳ್ಳಷ್ಟೂ ಮಂದವಾಗಿರಲಿಲ್ಲ.