ಹ್ಯಾಂಡಲ್ ಮತ್ತು ಕೈಗುಣ

ಸೈಕಲ್ ಹ್ಯಾಂಡಲ್ ಬಗ್ಗೆ ಗಂಡಸರಿಗೆ ಇರುವಷ್ಟು ತಿಳಿವಳಿಕೆ ದೇವರಿಗೂ ಇರಲಾರದು. ಎಪ್ಪತ್ತರ ದಶಕದಲ್ಲಿ ನಾನು ತಿಕೋಟಾದಲ್ಲಿ ನರ್ಸ್ ಆಗಿದ್ದಾಗ ಆ ತಿಳಿವಳಿಕೆಯೆಲ್ಲ ನನಗೆ ಪುಕ್ಕಟೆಯಾಗಿ ಸಿಕ್ಕಿತು. ಕಟ್ಟೆಯ ಮೇಲೆ ಕೂತವರು ಕೊಟ್ಟರು, ಬಸ್ಸಿಗೆ ಕಾಯುತ್ತಿದ್ದವರು ಕೊಟ್ಟರು, ಜನ್ಮದಲ್ಲಿ ಸೈಕಲ್ ಹತ್ತದವರೂ ಕೊಟ್ಟರು. ಎತ್ತರ ಮಾಡಿಸಿರಿ ಎಂದವರಿದ್ದರು, ಇಳಿಸಿರಿ ಎಂದವರೂ ಇದ್ದರು. ನಿಮಗೆ ಆಗುತ್ತಿರುವುದೇನು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ನನ್ನ ಕೆಲಸ ಹೆರಿಗೆ ಮಾಡಿಸುವುದು. ತಿಕೋಟಾದಿಂದ ಬಬಲೇಶ್ವರದ ಕಡೆಗೂ ಬಿಜ್ಜರಗಿಯ ಕಡೆಗೂ ವಸ್ತಿಗಳಿದ್ದವು, ಹೊಲದಲ್ಲೇ ಮನೆ ಕಟ್ಟಿಕೊಂಡವರ ನಾಲ್ಕಾರು ಮನೆಗಳ ಗುಂಪು. ಬಸ್ಸು ಅಲ್ಲಿಗೆ ಹೋಗುತ್ತಿರಲಿಲ್ಲ. ನಡೆದುಕೊಂಡು ಹೋದರೆ ಕೂಸು ಹುಟ್ಟಿ ತೊಟ್ಟಿಲಿಗೆ ಬಿದ್ದಿರುತ್ತಿತ್ತು. ಅದಕ್ಕೆಂದು ನಮ್ಮ ಮನೆಯವರು, ಅವರು ತಿಕೋಟಾದಲ್ಲೇ ಸಾಲಿ ಮಾಸ್ತರರು, ಆಗ ಬಿಜಾಪುರವೆಂದೇ ಎಲ್ಲರೂ ಕರೆಯುತ್ತಿದ್ದ ವಿಜಯಪುರದಿಂದ ಒಂದು ಹಳೆಯ ಲೇಡೀಸ್ ಸೈಕಲ್ ತಂದರು. ಗಾಲಿ ಚೆನ್ನಾಗಿದ್ದವು, ಚೈನು ಚೆನ್ನಾಗಿತ್ತು. ಹ್ಯಾಂಡಲ್ ಮಾತ್ರ ಅದರದ್ದಲ್ಲ. ಯಾರೋ ಪುಣ್ಯಾತ್ಮರು ಗಂಡಸರ ಸೈಕಲ್ಲಿನ ನೆಟ್ಟನೆಯ ಹ್ಯಾಂಡಲ್ ಕೂಡಿಸಿದ್ದರು. ಅದನ್ನು ಹಿಡಿಯಬೇಕಾದರೆ ನಾನು ಮುಂದಕ್ಕೆ ಬಾಗಬೇಕು, ಬಾಗಿದರೆ ಮೈಭಾರವೆಲ್ಲ ಅಂಗೈ ಮೇಲೆ.

ರಸ್ತೆ ಎಂದರೆ ಖಡಿಕಲ್ಲು ಎದ್ದ ರಸ್ತೆ. ಅದು ಮುಗಿದರೆ ಚಕ್ಕಡಿಯ ಜಾಡು. ಒಂದೊಂದು ಕಲ್ಲೂ ಹ್ಯಾಂಡಲ್ ಹಿಡಿದು ಮೇಲೆ ಬಂದು ಅಂಗೈಗೆ ಬಡಿಯುತ್ತಿತ್ತು. ಮೊದಲು ಕಿರುಬೆರಳು ಜೋಮು ಹಿಡಿಯುತ್ತಿತ್ತು, ಆಮೇಲೆ ಉಂಗುರ ಬೆರಳು, ವಸ್ತಿ ಮುಟ್ಟುವಷ್ಟರಲ್ಲಿ ಇಡೀ ಕೈ. ಬೇರೆ ಯಾರಿಗಾದರೂ ಇದು ಸಣ್ಣ ತೊಂದರೆ, ಕೈ ಕೊಡವಿಕೊಂಡು ಚಹಾ ಕುಡಿಯುತ್ತಾರೆ. ನನಗೆ ಹಾಗಲ್ಲ. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ನೋಡುವುದು ಈ ಬೆರಳುಗಳಿಂದಲೇ. ಅಲ್ಲಿ ನನಗೆ ಬೇರೆ ಕಣ್ಣಿಲ್ಲ.

ಬಿಜಾಪುರದ ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಗೆ ನಾವಿಬ್ಬರೂ ಹೋದೆವು. ಅಂಗಡಿಯಾತ ವಯಸ್ಸಾದ ಮುಸಲ್ಮಾನರು, ಎಲ್ಲರೂ ಚಾಚಾ ಎನ್ನುತ್ತಿದ್ದರು. ಹ್ಯಾಂಡಲ್ ದೂರವಾಗುತ್ತದೆ ಎಂದು ನಾನು ಹೇಳಿದೆ. ಎಷ್ಟು ದೂರ ಎಂದು ಅವರು ನಮ್ಮ ಮನೆಯವರನ್ನು ಕೇಳಿದರು. ಇವರು ಗಡ್ಡ ಕೆರೆದುಕೊಂಡು ಸ್ವಲ್ಪ ಎತ್ತರಿಸಿದರೆ ಸಾಕು ಎಂದರು. ಎತ್ತರಿಸಿದ ಮೇಲೆ ಚಾಚಾ ನಟ್ಟು ತಿರುವುವ ಪಾನಾ ಕೆಳಗಿಟ್ಟು, "ಮಾಸ್ತರ್ರ, ನೀವೊಮ್ಮಿ ಕುಂತ ನೋಡ್ರಿ" ಎಂದರು. ಆರಡಿ ಎತ್ತರದ ನನ್ನ ಗಂಡ ಧೋತರ ಎತ್ತಿ ಹಿಡಿದು ನನ್ನ ಲೇಡೀಸ್ ಸೈಕಲ್ ಹತ್ತಿ ಕೂತರು. ಭಾಳ ಛಲೋ ಆಗಿದೆ ಎಂದು ಅಲ್ಲಿಂದಲೇ ತೀರ್ಪು ಕೊಟ್ಟರು. ನಾನು ಕೈಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಕುಪ್ಪಸ ಹೊಲಿಯಲು ಕೊಟ್ಟರೆ ದರ್ಜಿಯಾದರೂ ಅಳತೆಗೆ ನನ್ನದೇ ಹಳೆ ಕುಪ್ಪಸ ಕೇಳುತ್ತಾನೆ, ಗಂಡನ ಅಂಗಿ ಕೇಳುವುದಿಲ್ಲ. ಆದರೆ ನಡುರಸ್ತೆಯಲ್ಲಿ ನಾಲ್ಕು ಜನರ ಮುಂದೆ ನಾನೇ ಸೈಕಲ್ ಹತ್ತಿ ಕೂತು ಕೈ ಚಾಚಿ ತೋರಿಸುವುದು ಆ ಕಾಲಕ್ಕೆ ಯಾರ ಮನಸ್ಸಿಗೂ ಬರಲಿಲ್ಲ. ನನ್ನ ಮನಸ್ಸಿಗೂ.

ಹ್ಯಾಂಡಲ್ ಎತ್ತರಿಸಿದ್ದಕ್ಕೆ ಬ್ರೇಕಿನ ಕಡ್ಡಿ ಜಗ್ಗಿಕೊಂಡು ಮುಂದಿನ ಗಾಲಿ ಹಿಡಿಯತೊಡಗಿತು. ಇಳಿಸಿದೆವು. ತಿಕೋಟಾದ ರಿಪೇರಿಯವನು ನನಗೆ ಹತ್ತಿರವಾಗಲೆಂದು ಹ್ಯಾಂಡಲ್ ತಿರುವಿ ಹಾಕಿದ. ಹೊರಳುವಾಗ ಅದು ಮೊಣಕಾಲಿಗೆ ಬಡಿದು, ಒಂದು ದಿನ ನಾನು ಔಷಧದ ಪೆಟ್ಟಿಗೆ ಸಮೇತ ಜಾಲಿ ಮುಳ್ಳಿನ ಕಂಟಿಯಲ್ಲಿ ಬಿದ್ದೆ. ಬಬಲೇಶ್ವರದಲ್ಲಿ ಇನ್ನೊಬ್ಬ ಹಿಡಿಕೆಗೆ ಹಳೆ ಟ್ಯೂಬು ಸುತ್ತಿಕೊಟ್ಟ. ಅದನ್ನು ನೋಡಿ ನಮ್ಮ ಮನೆಯವರು ಮರುಗಿ, ಕೆಂಪು ಬಣ್ಣದ ಹೊಸ ರಬ್ಬರ್ ಹಿಡಿಕೆ ತಂದು ತಾವೇ ಹಾಕಿದರು. ನೋಡಲು ಚೆಂದವಾಗಿದ್ದವು. ಕೈ ಮಾತ್ರ ಮೊದಲಿನಂತೆಯೇ ಸಾಯುತ್ತಿತ್ತು. ಅವರ ಪ್ರೀತಿಯ ಮೇಲೂ ನನಗೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ಆ ಪ್ರೀತಿಗೂ ಕಿವಿ ಇರಲಿಲ್ಲ.

ಆ ಬೇಸಿಗೆಯಲ್ಲಿ ಬಬಲೇಶ್ವರ ರಸ್ತೆಯ ಒಂದು ವಸ್ತಿಯಿಂದ ಕರೆ ಬಂತು. ಹಿರಿಯ ಸೊಸೆಗೆ ನೋವು ಶುರುವಾಗಿದೆ. ಮೈಯೆಲ್ಲ ಬೆವತು ವಸ್ತಿ ಮುಟ್ಟಿದೆ, ಕೈ ತೊಳೆದು ಹೊಟ್ಟೆಯ ಮೇಲಿಟ್ಟೆ. ಏನೂ ತಿಳಿಯಲಿಲ್ಲ. ಅವಳ ಹೊಟ್ಟೆಗೂ ನನ್ನ ಬೆರಳಿಗೂ ನಡುವೆ ಕೌದಿ ಹಾಸಿದಂತಿತ್ತು. ಒಳಗಿರುವುದು ತಲೆಯೋ ಕುಂಡೆಯೋ, ಬೆರಳು ಹೇಳುತ್ತಿಲ್ಲ. ಕೂಸಿಗೆಂದು ಕಾಸಿಟ್ಟ ನೀರಿನಲ್ಲಿ ಎರಡೂ ಕೈ ಅದ್ದಿಕೊಂಡು ಕೂತೆ. ಆ ಹುಡುಗಿ ನೋವಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ಅವಳ ಅತ್ತೆ ಬಾಗಿಲಲ್ಲಿ ನಿಂತು ನನ್ನ ಕೈಗಳನ್ನು ನೋಡುತ್ತಿದ್ದಳು.

"ಯಾಕ್ರಿ ಬಾಯಾರ, ಕೈ ನೀರಾಗ ಇಟ್ಕೊಂಡ ಕುಂತ್ರೆಲ್ಲ?" ಎಂದಳು.

ಜೋಮು ಹಿಡಿದಿದೆ, ಸ್ವಲ್ಪ ತಡೀರಿ ಎಂದೆ. ಹೆರುವವಳು ತಡೆಯಬೇಕಲ್ಲ ಎಂದು ಆಕೆ ಕೇಳಿದಳು. ನಾನು ನೀರೊಳಗೇ ಬೆರಳು ತಿಕ್ಕಿಕೊಂಡೆ. ಬೆರಳ ತುದಿಗೆ ಇರುವೆ ಕಚ್ಚಿದಂತಾಗಿ ಜೀವ ಬಂತು. ತಲೆ ಕೆಳಗಿತ್ತು. ಸಂಜೆಯೊಳಗೆ ಹೆರಿಗೆಯೂ ಸುಸೂತ್ರ ಆಯಿತು. ಬೆಲ್ಲ ಕೊಟ್ಟು ಕಳಿಸಿದರು. ಆದರೆ ನಾನು ಊರು ಮುಟ್ಟುವ ಮೊದಲೇ ನನ್ನ ಕೈಯ ಸುದ್ದಿ ಹೊಲದಿಂದ ಹೊಲಕ್ಕೆ ದಾಟಿತ್ತು.

ನಮ್ಮ ಕಡೆ ಡಾಕ್ಟರಾಗಲಿ ನರ್ಸಾಗಲಿ, ಜನ ಮೊದಲು ನೋಡುವುದು ಕೈಗುಣ. ಕೈಗುಣ ಇದ್ದವರು ನೀರು ಕೊಟ್ಟರೂ ಔಷಧ. ಇಲ್ಲದವರು ಅಮೃತ ತಂದರೂ ಬಾಗಿಲಲ್ಲೇ ನಿಲ್ಲಬೇಕು. ಕೂಸು ಚೆನ್ನಾಗಿತ್ತು, ಬಾಣಂತಿ ಚೆನ್ನಾಗಿದ್ದಳು, ಅದನ್ನು ಯಾರೂ ಆಡಲಿಲ್ಲ. ನರ್ಸಿಗೆ ನಮ್ಮ ಕಡೆ ಬಾಯಿ, ಬಾಯಾರು ಎನ್ನುತ್ತಾರೆ, ನನಗೆ ಕೈ ಸತ್ತ ಬಾಯಿ ಎಂದು ಹೆಸರಾಯಿತು. ಆ ಕಡೆಯಿಂದ ಕರೆ ಬರುವುದು ನಿಂತೇಹೋಯಿತು. ಸುದ್ದಿ ತಿಳಿದು ನಾನೇ ಹೋದರೆ ಎಲ್ಲ ಮುಗಿದಿರುತ್ತಿತ್ತು. ಕುಡುಗೋಲಿನಿಂದ ಹೊಕ್ಕಳುಬಳ್ಳಿ ಕೊಯ್ದು ಮೇಲೆ ಬೂದಿ ಮೆತ್ತಿರುತ್ತಿದ್ದರು. ಅದರಿಂದ ಧನುರ್ವಾಯು ಬಂದು ಸೆಟೆದುಕೊಂಡ ಎಳೆ ಕೂಸುಗಳನ್ನು ನಾನು ತರಬೇತಿಯ ಕಾಲದಲ್ಲಿ ನೋಡಿದ್ದೆ. ಒಂದು ಕಬ್ಬಿಣದ ಕೊಳವೆಯ ದೆಸೆಯಿಂದ ನಾನು ಹೊರಗೆ, ಕುಡುಗೋಲು ಒಳಗೆ. ನೆನೆಸಿಕೊಂಡರೆ ಈಗಲೂ ಹಲ್ಲು ಕಚ್ಚುತ್ತೇನೆ.

ಮತ್ತೆ ಸ್ಟೇಷನ್ ರಸ್ತೆಗೆ ಹೋದೆವು. ಚಾಚಾ ಮತ್ತೆ ನಮ್ಮ ಮನೆಯವರತ್ತ ತಿರುಗಿ, ಈಗೇನು ತೊಂದರೆ ಎಂದು ಕೇಳಿದರು. ಇವರು ಬಾಯಿ ತೆರೆಯುವ ಮೊದಲು ನಾನು ನಡುವೆ ಬಂದೆ.

"ನನ್ನ ಕೇಳ್ರಿ. ಈ ಕೈಲೆ ಹೊಟ್ಟಿ ಮುಟ್ಟಿ ಕೂಸಿನ ತೆಲಿ ಎಲ್ಲೈತಿ ಅಂತ ಹೇಳಾಕಿ ನಾ. ನಿಮ್ಮ ಹ್ಯಾಂಡಲ್ ಹಿಡದ ಹೋದ್ರ ತೆಲಿ ಯಾವ್ದು ಕುಂಡಿ ಯಾವ್ದು ತಿಳಿಯೂದಿಲ್ರಿ."

ಪಕ್ಕದ ಚಹಾದ ಅಂಗಡಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ನಮ್ಮ ಮನೆಯವರು ಎಂದೂ ನೋಡದವರಂತೆ ಸ್ಟೇಷನ್ನಿನ ದಾರಿ ನೋಡತೊಡಗಿದರು. ಚಾಚಾ ಪಾನಾ ಒರೆಸಿ ಕೆಳಗಿಟ್ಟರು. ಆಮೇಲೆ, "ಹಂಗಾರ ನೀವ ಕುಂಡರ್ರಿ ಅವ್ವಾರ" ಎಂದು ಮುಂದಿನ ಗಾಲಿಯನ್ನು ತಮ್ಮ ಮೊಣಕಾಲುಗಳ ನಡುವೆ ಹಿಡಿದು ನಿಂತರು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಕೂತೆ. ಹಳೆಯ ಸಾಮಾನಿನ ರಾಶಿಯಿಂದ, ತುದಿ ಹಿಂದಕ್ಕೆ ಬಾಗಿದ ಒಂದು ಹ್ಯಾಂಡಲ್ ಹುಡುಕಿ ಕೂಡಿಸಿದರು. ಈಗ ಹೇಗಿದೆ ಎಂದು ಕೇಳಿದರು, ನನ್ನನ್ನೇ ಕೇಳಿದರು.

ಅಷ್ಟು ಜಗಳ ಮಾಡಿ ಗಳಿಸಿದ ಪ್ರಶ್ನೆ, ನನಗೆ ಉತ್ತರ ಗೊತ್ತಿರಲಿಲ್ಲ. ನಿಂತ ಸೈಕಲ್ ಮೇಲೆ ಎಲ್ಲ ಹ್ಯಾಂಡಲ್ಲೂ ಒಳ್ಳೆಯವೇ. ಜೋಮು ಬರುವುದು ಎರಡು ಮೂರು ಮೈಲಿ ಹೋದ ಮೇಲೆ. ತುಳಿದು ನೋಡಿ ಬಂದು ಹೇಳುತ್ತೇನೆ ಎಂದೆ. ಹಾಗೆಯೇ ಆಯಿತು. ಒಂದು ಸಲ ತೀರ ಹತ್ತಿರವಾಗಿ ಮೊಣಕೈ ಪಕ್ಕೆಗೆ ಒತ್ತಿತು. ಇನ್ನೊಂದು ಸಲ ಹಿಡಿಕೆ ಹೆಚ್ಚು ಕೆಳಗೆ ಬಾಗಿ ಮಣಿಕಟ್ಟು ನೋಯಿತು. ಕಡೆಗೆ ಸೀಟಿನ ಮೂಗು ಕೆಳಗಿದ್ದುದೇ ನನ್ನನ್ನು ಮುಂದಕ್ಕೆ ಜಾರಿಸಿ ಕೈ ಮೇಲೆ ಭಾರ ಹಾಕುತ್ತಿದೆ ಎಂದು ದಾರಿಯಲ್ಲಿ ಹೊಳೆಯಿತು. ಮೊದಲ ಸಲ ಹೋದಾಗ ಸೀರೆ ಸಿಕ್ಕಿಕೊಳ್ಳದಿರಲೆಂದು ಅದನ್ನು ತಗ್ಗಿಸಿದ್ದು ಚಾಚಾ ಅವರೇ. ಅದನ್ನು ಸಮ ಮಾಡಿಸಿದೆ. ಅಂದು ತಿಕೋಟಾಕ್ಕೆ ಬಂದು ಇಳಿದಾಗ ಹತ್ತೂ ಬೆರಳು ನನ್ನವಾಗಿದ್ದವು.

ಆದರೇನು, ಕರೆಯುವವರಿರಲಿಲ್ಲ. ಸೈಕಲ್ ಸರಿಹೋಯಿತೆಂದು ಡಂಗುರ ಸಾರಲಾಗುತ್ತದೆಯೇ?

ಮಳೆಗಾಲ ಮುಗಿಯುತ್ತಿರುವಾಗ ಅದೇ ವಸ್ತಿಯ ಕಿರಿಯ ಸೊಸೆಗೆ ನೋವು ಬಂದ ಸುದ್ದಿ ಕಿವಿಗೆ ಬಿತ್ತು. ಕರೆ ಬಂದಿರಲಿಲ್ಲ. ಹೊರಟೆ. ದಾರಿಯುದ್ದಕ್ಕೂ ಎಲ್ಲರನ್ನೂ ಬೈದುಕೊಂಡೆ, ಖಡಿ ಹಾಕಿದವನನ್ನೂ ಬಿಡಲಿಲ್ಲ. ಅತ್ತೆ ಅದೇ ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ನರಳುವ ಸದ್ದು ಬರುತ್ತಿತ್ತು. ನಾನು ಸೈಕಲ್ ನಿಲ್ಲಿಸಿ ಪೆಟ್ಟಿಗೆ ಬಿಚ್ಚಿದರೂ ಆಕೆ ಬಾಗಿಲು ಬಿಡಲಿಲ್ಲ.

"ಕೈ ತಾ ಇಲ್ಲಿ" ಎಂದಳು.

ಚಾಚಿದೆ. ನನ್ನ ಕಿರುಬೆರಳನ್ನು ಹಿಡಿದು, ನನ್ನ ಮುಖವನ್ನೇ ನೋಡುತ್ತ, ಉಗುರಿನಿಂದ ಬಲವಾಗಿ ಚಿವುಟಿದಳು. ನಾನು ಹಾಯ್ ಎಂದು ಕೈ ಎಳೆದುಕೊಂಡೆ. ನೋವಿಗಿಂತ ಅವಮಾನಕ್ಕೆ ಕಣ್ಣಲ್ಲಿ ನೀರು ಬಂತು. ಆಕೆ ಬಾಗಿಲಿನಿಂದ ಸರಿದು ನಿಂತಳು.

"ಒಳಗ ಬಾ, ಯವ್ವಾ."

ಬೆರಳು ಉರಿಯುತ್ತಲೇ ಇತ್ತು. ಕೈ ತೊಳೆದುಕೊಂಡು ಹುಡುಗಿಯ ಹೊಟ್ಟೆಯ ಮೇಲಿಟ್ಟೆ. ತಲೆ ಕೆಳಗಿತ್ತು, ಬೆನ್ನು ಎಡಕ್ಕಿತ್ತು, ಕೂಸು ನನ್ನ ಅಂಗೈಗೆ ಒಮ್ಮೆ ಒದೆಯಿತು.