ಸ್ಕೀಯಿಂಗಿಗೆ ಹೂ ಕೇಳಿದ್ದು

ಗೆಳೆಯರೇ, ಚಳಿಗಾಲದ ರಜಾಕ್ಕ ಮಂಜಿನ ಮ್ಯಾಲೆ ಜಾರೋಕ ಯಾವ ರೆಸಾರ್ಟಿಗೆ ಹೋಗ್ಬೇಕು ಅಂತ ಇವತ್ತು ನಾವು ತಂಬ್ರಹಳ್ಳಿ ಊರಮ್ಮನ ಗುಡ್ಯಾಗ ಹೂ ಕೇಳಿದ್ವಿ.

ನಮ್ಮನಿಯವರಿಗೆ ಗುಲ್ಮರ್ಗ್ ಬೇಕು, ನನಗ ಔಲಿ. ಎರಡೂ ಕಡೆ ಐಷಾರಾಮಿ ರೆಸಾರ್ಟ್, ಎರಡೂ ಕಡೆ ಸ್ಕೀಯಿಂಗ್. ಇದೇ ಜಗಳಕ್ಕ ಇಬ್ಬರೂ ಮಾತು ಬಿಟ್ಟಿದ್ವಿ. ನೋಡಿ ನೋಡಿ ಸಾಕಾಗಿ ನಮ್ಮತ್ತಿ ಬೆಳಿಗ್ಗೆ ನಮ್ಮನ್ನ ಗುಡಿಗೆ ಎಳಕೊಂಡು ಹೋದ್ರು. "ಬಲಕ್ಕ ಬಿದ್ರ ಅವಂದು, ಎಡಕ್ಕ ಬಿದ್ರ ನಿಂದು. ಮತ್ತ ತಕರಾರಿಲ್ಲ."

ಪೂಜಾರಿ ದೇವಿಗೆ ಹೂ ಹಚ್ಚಿ ನಕ್ಕ. "ಬೋರ್ ಹಾಕ್ಸೋಕ, ಹೆಣ್ಣು ನೋಡೋಕ ಹೂ ಕೇಳ್ತಾರ. ಜಾರಿ ಬೀಳೋಕ ಕೇಳಿದವ್ರು ನೀವ ನೋಡ್ರಿ."

ಭಾಳ ಹೊತ್ತು ಏನೂ ಬೀಳ್ಲಿಲ್ಲ. ಅತ್ತಿ ಕಣ್ಮುಚ್ಚಿ ಏನೋ ಬೇಡ್ಕೊಂಡ್ರು. ಬಲಗಡೆ ಹೂ ಬಿತ್ತು.

"ಗುಲ್ಮರ್ಗ್" ಅಂತ ಇವರು ಎದ್ದೇಬಿಟ್ರು.

"ಕುಂದ್ರಲೇ, ಆ ಹೂ ನಂದು," ಅಂದ್ರು ಅತ್ತಿ. "ನಾನೂ ಹೋಗ್ಲೇನವ್ವಾ ಅಂತ ಕೇಳಿದ್ದೆ, ಹೂಂ ಅಂದ್ಲು. ಹುಟ್ಟಿದಾಗಿಂದ ಕುರಿ ಹಿಂದ ತಿರುಗೀನಿ. ಒಂದ್ಸಲ ಕುರಿ ಇಲ್ದ ತಿರುಗ್ತೀನಿ."

ಇವರು ಗುಡಿ ಕಟ್ಟಿ ಮ್ಯಾಲೆ ಕುಂತು ಗುಲ್ಮರ್ಗಿಗೆ ಫೋನ್ ಹಚ್ಚಿದ್ರು. ಅಲ್ಲಿ ರೂಮು ಜೋಡಿಗಷ್ಟೇ ಅಂತ. ಔಲಿಯವರು ಇನ್ನೊಂದು ಮಂಚ ಹಾಕಿಸ್ತೀವಿ ಅಂದ್ರು. ಇವರು ನನ್ನ ಕಡೆ ತಿರುಗಿ, "ನಿಂದ ಆತು ಬಿಡು," ಅಂದ್ರು. ಭಾಳ ದಿನದ ಮ್ಯಾಲೆ ನನ್ನ ಕೂಡ ಆಡಿದ ಮೊದಲ ಮಾತು.

ಹೂ ಗಂಡನ ಕಡೆ ಬಿತ್ತು, ಊರು ನಂದಾತು. ರೂಮಿನ್ಯಾಗ ಹೀಟರ್ ಐತಿ ಅಂದ್ರೂ ಕೇಳ್ದ ಅತ್ತಿ ಕರಿ ಕಂಬಳಿ ಬಿಸಿಲಿಗೆ ಹಾಕ್ಯಾರ.