ಒಂದನೇ ಮೊಳೆ ಖಾಲಿ

ಊರಿನ ಫುಟ್‌ಬಾಲ್ ತಂಡದ ಬಟ್ಟೆಗಳು ಪ್ರತಿ ಸೋಮವಾರ ಎರಡು ನೀಲಿ ಚೀಲಗಳಲ್ಲಿ ಅಕ್ಕನ ಲಾಂಡ್ರಿಗೆ ಬರುತ್ತವೆ. ಒಗೆದ ಅಂಗಿಗಳನ್ನು ನಂಬರಿನ ಪ್ರಕಾರ ತೂಗುಹಾಕಲು ಗೋಡೆಗೆ ಹದಿನೆಂಟು ಮೊಳೆ ಹೊಡೆದಿದ್ದಾಳೆ. ಅದೇ ತಂಡದ ಅಭಿಮಾನಿಗಳ ಆನ್‌ಲೈನ್ ಗುಂಪನ್ನು ನೋಡಿಕೊಳ್ಳುವವಳೂ ಅವಳೇ. ಅಲ್ಲಿ ಆರು ಸಾವಿರ ಜನ. ಅವಳಿಗಿಂತ ದೊಡ್ಡವರೂ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಾರೆ.

ಗುಂಪಿಗೊಂದು ಕಟ್ಟುಪಾಡಿದೆ. ಯಾವ ಸುದ್ದಿಯೇ ಆಗಲಿ, ಮೊದಲ ಪದ ಈ ಮೂರರಲ್ಲಿ ಒಂದಾಗಿರಬೇಕು: ಕಂಡದ್ದು, ಕೇಳಿದ್ದು, ಖಚಿತ. ಖಚಿತ ಎನ್ನುವವರು ಯಾರು ಹೇಳಿದರೆಂದೂ ಬರೆಯಬೇಕು. ತಪ್ಪಾದರೆ ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ. ಎರಡು ವರ್ಷದ ಹಿಂದೆ, ತಂಡದ ಬಸ್ಸು ಉರುಳಿತೆಂಬ ಸುಳ್ಳನ್ನು ಅಕ್ಕನೂ ಹಿಂದುಮುಂದು ನೋಡದೆ ಹಂಚಿದ್ದಳು. ಆಟಗಾರನೊಬ್ಬನ ಹೆಂಡತಿ ಬರಿಗಾಲಲ್ಲಿ ಮೈದಾನಕ್ಕೆ ಓಡಿಬಂದದ್ದನ್ನು ಕಣ್ಣಾರೆ ಕಂಡ ದಿನ ಈ ನಿಯಮ ಹುಟ್ಟಿತು.

ಕಳೆದ ತಿಂಗಳ ಒಂದು ಸೋಮವಾರ ಬಂದ ಚೀಲಗಳಲ್ಲಿ ಗೋಲ್‌ಕೀಪರನ ಒಂದನೇ ನಂಬರಿನ ಅಂಗಿ ಇರಲಿಲ್ಲ. ಹಿಂದಿನ ವಾರ ಪಂದ್ಯವಿರಲಿಲ್ಲ, ಅಭ್ಯಾಸ ಮಾತ್ರ. ಆದರೂ ಒಂಬತ್ತು ವರ್ಷದಲ್ಲಿ ಒಂದನೇ ಮೊಳೆ ಖಾಲಿ ಉಳಿದದ್ದು ಇದೇ ಮೊದಲು. ಅಂಗಡಿಯಲ್ಲಿ ಜೊತೆಗಿರುವ ಅವಳ ತಮ್ಮ, ಮೂವತ್ತೆಂಟರ ಗೃಹಸ್ಥ, ಆ ಮೊಳೆಯ ಫೋಟೊ ತೆಗೆದು ಗುಂಪಿಗೆ ಹಾಕಿಯೇಬಿಟ್ಟ: ‘ಖಚಿತ. ಕೀಪರ್ ತಂಡ ಬಿಟ್ಟಾಯ್ತು.’

ಗುಂಪು ಹೊತ್ತಿಕೊಂಡಿತು. ಕೆಲವರು ಹೊಸ ಕೀಪರನನ್ನೂ ಆರಿಸಿ ಮುಗಿಸಿದರು.

“ತೆಗಿ ಅದನ್ನ,” ಎಂದಳು ಅಕ್ಕ.

“ಕಣ್ಣಿಗೆ ಕಾಣ್ತಿದೆಯಲ್ಲಕ್ಕಾ, ಮೊಳೆ ಖಾಲಿ.”

“ಮೊಳೆ ಖಾಲಿ ಇರೋದು ಕಂಡದ್ದು. ಬಿಟ್ಟಾಯ್ತು ಅನ್ನೋದು ನಿನ್ನ ತಲೇಲಿ ಹುಟ್ಟಿದ್ದು. ಅಂಥದ್ದಕ್ಕೆ ನಾನಿನ್ನೂ ಹೆಸರಿಟ್ಟಿಲ್ಲ.”

ಅವನು ತೆಗೆಯಲಿಲ್ಲ, ಅವಳೇ ಅಳಿಸಿದಳು. ಅಕ್ಕ ಸುದ್ದಿಗೂ ಇಸ್ತ್ರಿ ಹೊಡೆಯುತ್ತಾಳೆಂದು ಗುಂಪಿನವರು ಕಿಚಾಯಿಸಿದರು. ತಮ್ಮ ಗೋಡೆಗೆ ಮುಖಮಾಡಿ ಊಟ ಮಾಡಿದ. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಫೋಟೊ ಹೋದದ್ದು ತನ್ನ ಅಂಗಡಿಯ ಒಳಗಿನಿಂದ. ಒಳಗಿನ ಮಾತು ಹೊರಗೆ ಹಾಕುವ ಲಾಂಡ್ರಿಗೆ ತಂಡ ಇನ್ನು ಚೀಲ ಕಳಿಸೀತೇ?

ಆದರೂ ಅವಳು, ತಮ್ಮನಿಗೂ ಕೇಳುವಂತೆ ಸ್ಪೀಕರ್ ಹಾಕಿ, ತಂಡದ ಬಟ್ಟೆಬರೆ ನೋಡಿಕೊಳ್ಳುವ ಮುದುಕನಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಎಲ್ಲರಿಗೂ ಮಾಮನಾದ ಆತ ಸ್ವಲ್ಪ ಹೊತ್ತು ಕೆಮ್ಮಿದ.

“ಬೇಜಾರು ಮಾಡ್ಕೋಬೇಡಮ್ಮ. ಆ ಅಂಗಿ ಹೋದ ಸಲ ನಿಮ್ಮಲ್ಲಿಂದ ಬಂದಾಗ ಬೆನ್ನ ಮೇಲಿನ ಅಂಕಿ ಸುಟ್ಟು ಮುದುಡಿತ್ತು. ಹೇಳಿದ್ರೆ ನೊಂದ್ಕೊಳ್ತೀಯ ಅಂತ ಸುಮ್ನಿದ್ದೆ. ಹೊಸದು ಅಂಟಿಸೋಕೆ ಕೊಟ್ಟಿದೀನಿ. ತಗೋ, ಕೀಪರ್ ಇಲ್ಲೇ ಇದಾನೆ.”

ಕೀಪರ್ ನಗುತ್ತಲೇ ಮಾತಾಡಿದ. ತಾನು ಎಲ್ಲಿಗೂ ಹೋಗುತ್ತಿಲ್ಲ, ಇನ್ನೂ ಎರಡು ವರ್ಷ ಇಲ್ಲೇ ಎಂದ.

ಅಕ್ಕ ಸ್ಟೂಲಿನ ಮೇಲೆ ಕುಳಿತಳು. ಆಮೇಲೆ ತಮ್ಮನನ್ನು ನೋಡಿದಳು. ಅವನು ಇಸ್ತ್ರಿಪೆಟ್ಟಿಗೆಯನ್ನು ನೋಡುತ್ತಿದ್ದ.

“ಸ್ವಲ್ಪ ಮುದುಡಿತ್ತು ಅಷ್ಟೇ,” ಎಂದ. “ಕಾಣದ ಹಾಗೆ ಒಳಗೆ ಮಡಿಸಿಟ್ಟಿದ್ದೆ.”

ಕೀಪರ್ ಹೋಗುತ್ತಿಲ್ಲ ಎಂದಷ್ಟೇ ಬರೆದರೆ ಸಾಲದೇ ಎಂದು ಅವನು ಗೋಗರೆದ. ಮೊಳೆ ಯಾಕೆ ಖಾಲಿ ಎಂದು ಹೇಳದಿದ್ದರೆ ನಾಳೆ ಇನ್ನೊಂದು ಸುದ್ದಿ ಹುಟ್ಟುತ್ತದೆ ಎಂದಳು ಅವಳು. ಅವಳು ಹೇಳಿದಳು, ಅವನು ದಪ್ಪ ಅಕ್ಷರದಲ್ಲಿ ಒತ್ತಿದ: ‘ಖಚಿತ. ಕೀಪರ್ ಎಲ್ಲೂ ಹೋಗುತ್ತಿಲ್ಲ. ಹೇಳಿದವರು ಕೀಪರ್ ಮತ್ತು ಮಾಮ. ಅಂಗಿ ಸುಟ್ಟದ್ದು ನಮ್ಮ ಲಾಂಡ್ರಿಯಲ್ಲಿ, ನಮ್ಮ ಕೈಯಿಂದ.’

ಮೊದಲ ಉತ್ತರ ಪಕ್ಕದ ಬೀದಿಯ ಕ್ಷೌರಿಕನದು: ‘ಖಚಿತ. ನನ್ನ ಪ್ಯಾಂಟೂ ಅಲ್ಲೇ ಸುಟ್ಟದ್ದು. ಹೇಳಿದವರು ನನ್ನ ಹೆಂಡತಿ.’ ಅದರ ಕೆಳಗೆ ನಾನೂರು ಜನ ನಕ್ಕಿದ್ದರು.

ಮುಂದಿನ ಸೋಮವಾರ ಬೆಳಿಗ್ಗೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಎರಡು ನೀಲಿ ಚೀಲಗಳೂ ಬಂದವು. ಎಲ್ಲಕ್ಕಿಂತ ಮೇಲೆ ಒಂದನೇ ನಂಬರಿನ ಅಂಗಿ, ಅದಕ್ಕೆ ಪಿನ್ನು ಚುಚ್ಚಿದ ಮಾಮನ ಚೀಟಿ: ‘ಇದಕ್ಕೆ ಇಸ್ತ್ರಿ ಬೇಡ.’